ಗುರುಗುಟ್ಟುವ ಫ್ಯಾನಿಗೆ ಮೊದಲು ಕಿವಿಗೊಡಿ

ಬೆಳಗ್ಗೆ ಕಂಪ್ಯೂಟರ್ ಆನ್ ಮಾಡಿದೊಡನೆ ಗರಗರ ಶುರುವಾಗುತ್ತದೆ. ಕಾಫಿ ಕುಡಿದು ಬರುವಷ್ಟರಲ್ಲಿ ತಾನಾಗಿ ನಿಂತಿರುತ್ತದೆ. ‘ಸರಿಹೋಯ್ತಲ್ಲ’ ಎಂದು ಸುಮ್ಮನಾಗುವವರೇ ಹೆಚ್ಚು. ಸರಿಹೋಗಿರುವುದಿಲ್ಲ. ಫ್ಯಾನಿನ ಬೇರಿಂಗ್‌ನೊಳಗೆ ಅಳಿದುಳಿದ ಎಣ್ಣೆ ರಾತ್ರಿಯ ತಂಪಿಗೆ ಮಂದವಾಗಿರುತ್ತದೆ, ಬಿಸಿ ಏರಿದಂತೆ ತೆಳುವಾಗಿ ಸದ್ದು ಅಡಗುತ್ತದೆ, ಅಷ್ಟೇ. ಹಾಗೇ ಬಿಟ್ಟರೆ ಗರಗರ ದಿನವಿಡೀ ಕೇಳತೊಡಗುತ್ತದೆ, ಆಮೇಲೊಂದು ದಿನ ಫ್ಯಾನು ಕಚ್ಚಿಕೊಂಡು ನಿಲ್ಲುತ್ತದೆ. ಸದ್ದು ಮಾಡುವ ಫ್ಯಾನು ಕಿರಿಕಿರಿ ನಿಜ, ಆದರೆ ಅದು ಇನ್ನೂ ತಿರುಗುತ್ತಿದೆ. ಹೆದರಬೇಕಾದ್ದು ಸದ್ದಿಲ್ಲದೆ ನಿಂತ ಫ್ಯಾನಿಗೆ. ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬಂದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನಾವು ‘ವೈರಸ್ ಬಂದಿರಬೇಕು’ ಎಂದು ವಿಂಡೋಸ್ ಮತ್ತೆ ಹಾಕಿಸಲು ಓಡುತ್ತೇವೆ.

ಡೆಸ್ಕ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಮೇಲೊಂದು, ಕ್ಯಾಬಿನೆಟ್ ಹಿಂದೊಂದು, ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಒಳಗೊಂದು ಫ್ಯಾನು ಇರುತ್ತದೆ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರವು ಬೇರೆ. ತಗಡಿನ ಡಬ್ಬಿಯೊಳಗೆ ಎಲ್ಲ ಸದ್ದೂ ಕಲಸಿಹೋಗುತ್ತದೆ. ಪಕ್ಕದ ಮುಚ್ಚಳ ಬಿಚ್ಚಿ, ವಾರಪತ್ರಿಕೆಯೊಂದನ್ನು ಕೊಳವೆಯಂತೆ ಸುತ್ತಿ, ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಒಂದೊಂದೇ ಫ್ಯಾನಿನ ಹತ್ತಿರ ಒಯ್ದರೆ ಕಳ್ಳ ಸಿಕ್ಕಿಬೀಳುತ್ತಾನೆ. ಅನುಮಾನ ಉಳಿದರೆ ಕ್ಯಾಬಿನೆಟ್ ಫ್ಯಾನಿನ ಸ್ಟಿಕ್ಕರ್ ಇರುವ ನಡುಭಾಗದ ಎದುರು ಬದಿ, ಅಂದರೆ ತಿರುಗುವ ಗುಬಟಿನ ಮೇಲೆ, ಬೆರಳಿಟ್ಟು ಒಂದೆರಡು ಸೆಕೆಂಡ್ ನಿಲ್ಲಿಸಿ ನೋಡಬಹುದು. ಎಲೆಗಳಿಗೆ ಮಾತ್ರ ಬೆರಳು ಕೊಡಬೇಡಿ. ಎಸ್‌ಎಂಪಿಎಸ್ ಡಬ್ಬಿಯ ತಂಟೆಗಂತೂ ಹೋಗಲೇಬೇಡಿ: ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಸದ್ದು ಅಲ್ಲಿಂದಲೇ ಬರುತ್ತಿದ್ದರೆ ಇಡೀ ಘಟಕವನ್ನೇ ಬದಲಿಸುವುದು ಜಾಣತನ.

ಸದ್ದಿನ ಬಗೆಯೇ ಅರ್ಧ ಉತ್ತರ. ‘ಟಿಕ್ ಟಿಕ್’ ಎಂದು ತಾಳ ಹಾಕಿದಂತೆ ಕೇಳಿದರೆ ಯಾವುದೋ ವೈರು ಎಲೆಗೆ ತಗಲುತ್ತಿದೆ. ಒಂದು ಕೇಬಲ್ ಟೈ ಸಾಕು. ‘ಭರ್’ ಎಂಬ ಗಾಳಿಯ ಅಬ್ಬರವಾದರೆ ಪ್ರೊಸೆಸರ್‌ನ ಬಿಸಿ ಹೀರುವ ಹೀಟ್‌ಸಿಂಕ್‌ನ ಸಂದುಗಳಲ್ಲಿ ಧೂಳು ಕಂಬಳಿ ಹಾಸಿದೆ, ಶಾಖ ಹೊರಹೋಗದೆ ಫ್ಯಾನು ಪೂರ್ತಿ ವೇಗದಲ್ಲಿ ಓಡುತ್ತಿದೆ. ಕಂಪ್ಯೂಟರ್ ಆಫ್ ಮಾಡಿ ಬ್ಲೋವರ್ ಹಿಡಿಯುವಾಗ ಎಲೆಗಳನ್ನು ಬೆರಳಿನಿಂದ ತಡೆದಿಡಿ. ಗಾಳಿಯ ರಭಸಕ್ಕೆ ಅತಿಯಾಗಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ‘ಗುಂಯ್’ ಎಂಬ ಸದ್ದು ಕ್ಯಾಬಿನೆಟ್ ಮೇಲೆ ಕೈಯಿಟ್ಟರೆ ನಿಲ್ಲುವಂತಿದ್ದರೆ ಸ್ಕ್ರೂ ಸಡಿಲವಾಗಿದೆ. ಕಿರ್ರ್, ಗರಗರ ಇವೆರಡೇ ಬೇರಿಂಗ್‌ನ ದೂರು. ಕರೆಂಟ್ ತೆಗೆದು ಎಲೆಯನ್ನು ಮೆಲ್ಲಗೆ ತಳ್ಳಿ. ಒಳ್ಳೆಯ ಫ್ಯಾನು ಸುತ್ತಿ ಸುತ್ತಿ ನಿಧಾನವಾಗಿ ನಿಲ್ಲುತ್ತದೆ, ಸವೆದದ್ದು ಗಕ್ಕನೆ ನಿಲ್ಲುತ್ತದೆ. ಗುಬಟನ್ನು ಅಲ್ಲಾಡಿಸಿದರೆ ಹಲ್ಲು ಅಲುಗಿದಂತೆ ಅಲುಗುತ್ತದೆ.

ಎಣ್ಣೆ ಬಿಟ್ಟರೆ ಆಗದೇ? ಅಗ್ಗದ ಸ್ಲೀವ್ ಬೇರಿಂಗ್ ಫ್ಯಾನಾದರೆ ಕೆಲಕಾಲಕ್ಕೆ ಆಗುತ್ತದೆ. ಹಿಂಬದಿಯ ಸ್ಟಿಕ್ಕರ್ ಎಬ್ಬಿಸಿದರೆ ಕೆಲವದರಲ್ಲಿ ಪುಟ್ಟ ರಬ್ಬರ್ ಮುಚ್ಚಳ ಕಾಣುತ್ತದೆ. ಅದನ್ನು ತೆಗೆದು ಹೊಲಿಗೆ ಯಂತ್ರದ ಎಣ್ಣೆ ಒಂದೇ ತೊಟ್ಟು. ಕೀಲು ಕಿರುಗುಟ್ಟಿದರೂ ಕೊಬ್ಬರಿ ಎಣ್ಣೆ ಎನ್ನುವ ನಮ್ಮ ಅಭ್ಯಾಸ ಇಲ್ಲಿ ನಡೆಯದು. ಚಳಿಗೆ ಹೆಪ್ಪುಗಟ್ಟಿ, ದಿನ ಕಳೆದಂತೆ ಅಂಟಂಟಾಗಿ ಅದು ಫ್ಯಾನಿನ ಕತ್ತನ್ನೇ ಹಿಸುಕುತ್ತದೆ.

ಹೊಸದು ಕೊಳ್ಳುವಾಗ ಹೆಚ್ಚಿನವರು ಎಡವುವುದು ಅಳತೆಯಲ್ಲಿ. 120 ಮಿ.ಮೀ. ಎಂದರೆ ಚೌಕಟ್ಟಿನ ಅಂಚಿನಿಂದ ಅಂಚಿಗೆ. ಸ್ಕ್ರೂ ತೂತುಗಳ ನಡುವೆ ಅಳೆದರೆ 105 ಸಿಗುತ್ತದೆ, ಅಂಗಡಿಯಲ್ಲಿ ಅಂಥ ಸೈಜೇ ಇರುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲೀ ನಿಮ್ಮೂರಿನ ಅಂಗಡಿಯಲ್ಲಾಗಲೀ ಹಳೆಯ ಫ್ಯಾನನ್ನೇ ಕೈಯಲ್ಲಿ ಹಿಡಿದು ಹೋಗುವುದು ವಾಸಿ. ಪಿನ್ನುಗಳನ್ನೂ ಎಣಿಸಿ. ಮೂರು ಪಿನ್ನಿನದರಲ್ಲಿ ಎರಡು 12 ವೋಲ್ಟ್ ವಿದ್ಯುತ್ತಿಗೆ, ಮೂರನೆಯದು ವೇಗ ತಿಳಿಸಲು. ನಾಲ್ಕನೆಯದಿದ್ದರೆ ಬಿಸಿಗೆ ತಕ್ಕಂತೆ ವೇಗ ಏರಿಳಿಸುವ ಸಂಕೇತ ಅದರಲ್ಲಿ ಬರುತ್ತದೆ. ಪ್ರೊಸೆಸರ್‌ಗೆ ಇದೇ ಇರಲಿ. ಎಲ್‌ಇಡಿ ಬಣ್ಣಗಳಿಗೆ ಕೊಡುವ ದುಡ್ಡನ್ನು ಫ್ಲೂಯಿಡ್ ಡೈನಾಮಿಕ್ ಬೇರಿಂಗ್‌ಗೆ ಕೊಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಕ್ಯಾಬಿನೆಟ್‌ನಲ್ಲಿ ಜಾಗವಿದ್ದರೆ ದೊಡ್ಡ ಫ್ಯಾನನ್ನೇ ಆರಿಸಿ: ಅಷ್ಟೇ ಗಾಳಿಯನ್ನು ನಿಧಾನವಾಗಿ ತಿರುಗಿ ತಳ್ಳುತ್ತದೆ. ಒಂದೇ ಫ್ಯಾನಿನ ವೇಗ ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬೆಲ್ ತಗ್ಗುತ್ತದೆ.

ಕೂರಿಸುವಾಗ ದಿಕ್ಕು ನೋಡಿ. ಸ್ಟಿಕ್ಕರ್ ಮತ್ತು ಅಡ್ಡಪಟ್ಟಿಗಳಿರುವ ಕಡೆಯಿಂದ ಗಾಳಿ ಹೊರಬರುತ್ತದೆ. ಪ್ರೊಸೆಸರ್ ಫ್ಯಾನು ಕ್ಲಿಪ್ಪಿನಲ್ಲೋ ನಾಲ್ಕು ಸ್ಕ್ರೂಗಳಲ್ಲೋ ನಿಂತಿದ್ದರೆ ಹೀಟ್‌ಸಿಂಕ್ ಮುಟ್ಟಬೇಕಾಗಿಲ್ಲ. ಎತ್ತಲೇಬೇಕಾದರೆ, ಎಎಂಡಿಯ ಎಎಂ4 ಬೋರ್ಡ್ ಆಗಿದ್ದಲ್ಲಿ, ಮೊದಲು ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗಾಗಿಸಿ, ಆಫ್ ಮಾಡಿ, ಹೀಟ್‌ಸಿಂಕನ್ನು ಅತ್ತಿತ್ತ ತಿರುಚಿ ಬಿಡಿಸಿ. ನೇರ ಎಳೆದರೆ ಒಣಗಿದ ಥರ್ಮಲ್ ಪೇಸ್ಟ್‌ಗೆ ಅಂಟಿದ ಪ್ರೊಸೆಸರೇ ಸಾಕೆಟ್ಟಿನಿಂದ ಕಿತ್ತುಬಂದು ಪಿನ್ನುಗಳು ಬಾಗಬಹುದು. ಹಳೆಯ ಪೇಸ್ಟ್ ಒರೆಸಿ, ಬಟಾಣಿ ಕಾಳಿನಷ್ಟು ಹೊಸದನ್ನು ಹಚ್ಚಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಕನೆಕ್ಟರ್ ಮೊದಲು ಬಿಡಿಸಿ, ಫ್ಯಾನಿನ ಮೇಲಿನ ಪಾರ್ಟ್ ನಂಬರ್ ನೋಡಿಯೇ ತರಿಸಿ.

ಮುಚ್ಚಳ ಹಾಕುವ ಮುನ್ನ ಬಯೋಸ್‌ನಲ್ಲಿ ಫ್ಯಾನಿನ ಆರ್‌ಪಿಎಂ ಕಾಣುತ್ತಿದೆಯೇ ನೋಡಿ. ಫ್ಯಾನು ಚೆನ್ನಾಗಿ ತಿರುಗುತ್ತಿದ್ದರೂ ‘ಸಿಪಿಯು ಫ್ಯಾನ್ ಎರರ್’ ಬಂದರೆ ಗಾಬರಿ ಬೇಡ: ಅದರ ಪ್ಲಗ್ಗು ಕ್ಯಾಬಿನೆಟ್ ಫ್ಯಾನಿಗೆ ಮೀಸಲಾದ ಪಿನ್ನುಗಳಿಗೆ ಹೋಗಿರಬಹುದು.