ಬೇಯಿಸಿದರೆ ಕಿಣ್ವ ಸಾಯುತ್ತದೆಯೇ?

‘ಬೇಯಿಸಿದರೆ ಕಿಣ್ವಗಳು ಸಾಯುತ್ತವೆ, ಹಸಿಯಾಗಿ ತಿಂದರೆ ಅವೇ ಜೀರ್ಣ ಮಾಡಿಕೊಡುತ್ತವೆ’ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಸಾಯಲು ಕಿಣ್ವಕ್ಕೆ ಜೀವವೇ ಇಲ್ಲ. 1897ರಲ್ಲಿ ಜರ್ಮನಿಯ ಎಡುವರ್ಡ್ ಬುಖ್ನರ್ ಯೀಸ್ಟನ್ನು ಮರಳಿನೊಂದಿಗೆ ಅರೆದು, ಹಿಂಡಿ, ಜೀವಕೋಶವಿಲ್ಲದ ರಸ ತೆಗೆದರು. ಅದಕ್ಕೆ ಸಕ್ಕರೆ ಬೆರೆಸಿದಾಗಲೂ ಹುದುಗು ಎದ್ದಿತು; ಕೆಲಸ ಮಾಡಿದ್ದು ರಸದಲ್ಲಿದ್ದ ಕಿಣ್ವ. ಜೀವಂತ ಕೋಶವಿಲ್ಲದೆ ಹುದುಗಿಲ್ಲ ಎಂಬ ಅಂದಿನ ನಂಬಿಕೆ ಅಲ್ಲಿಗೆ ಬಿತ್ತು. 1907ರಲ್ಲಿ ಅವರಿಗೆ ನೊಬೆಲ್ ಬಂತು.

ಬಹುಪಾಲು ಕಿಣ್ವಗಳು ಪ್ರೋಟೀನ್‌ಗಳು. ಉದ್ದನೆಯ ಸರಪಳಿ ಮಡಚಿಕೊಂಡು ಒಂದು ಕಡೆ ಪುಟ್ಟ ಕುಳಿ ಆಗಿರುತ್ತದೆ. ಅದರೊಳಗೆ ಹೊಂದಿಕೊಳ್ಳುವ ಅಣುವಿನ ಮೇಲಷ್ಟೇ ಕಿಣ್ವದ ಕೆಲಸ. ಮುಗಿದ ಮೇಲೆ ತಾನು ಖರ್ಚಾಗದೆ ಮುಂದಿನ ಅಣುವನ್ನು ಹಿಡಿಯುತ್ತದೆ. ಕಾವು ಏರಿದಂತೆ ಕೆಲಸ ಚುರುಕಾಗುತ್ತದೆ, ಮಿತಿ ದಾಟಿದರೆ ಮಡಿಕೆ ಬಿಚ್ಚಿ ಕುಳಿಯೇ ಕೆಡುತ್ತದೆ. ಆ ಮಿತಿ ಎಲ್ಲಕ್ಕೂ ಒಂದೇ ಅಲ್ಲ. ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾದಿಂದ ಸಿಕ್ಕ ‘ಟ್ಯಾಕ್’ ಕಿಣ್ವ ಸುಮಾರು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಲೀಸಾಗಿ ದುಡಿಯುತ್ತದೆ. ಪಿಸಿಆರ್ ಪರೀಕ್ಷೆ ಸುಲಭವಾದದ್ದು ಅದರಿಂದ.

ಫ್ರೀಜರಿನ ಚಳಿ ಕಿಣ್ವವನ್ನು ನಾಶಮಾಡುತ್ತದೆ ಎಂಬುದೂ ತಪ್ಪು. ಚಳಿಯಲ್ಲಿ ಅದು ನಿಧಾನವಾಗುತ್ತದೆ, ಅಷ್ಟೆ. ಬಟಾಣಿಯನ್ನು ಕುದಿನೀರಲ್ಲಿ ಅದ್ದಿ ತೆಗೆದ ಮೇಲೆಯೇ ಹೆಪ್ಪುಗಟ್ಟಿಸಲು ಇದೇ ಕಾರಣ. ಇಲ್ಲವಾದರೆ ಬಣ್ಣ, ರುಚಿ ಮೆಲ್ಲಗೆ ಕೆಡುತ್ತವೆ.

ಇನ್ನು ಜೀರ್ಣದ ವಿಚಾರ. ತರಕಾರಿಯ ಕಿಣ್ವವೂ ಹೊಟ್ಟೆಗೆ ಒಂದು ಪ್ರೋಟೀನು. ಜಠರದ ಆಮ್ಲ ಅದರ ಮಡಿಕೆ ಬಿಚ್ಚುತ್ತದೆ, ಅಲ್ಲಿನ ಕಿಣ್ವ ಪೆಪ್ಸಿನ್ ಕತ್ತರಿಸುತ್ತದೆ. ಪಿಎಚ್ 2ರ ಆಸುಪಾಸಿನಲ್ಲಿ ಚುರುಕಾಗಿರುವ ಪೆಪ್ಸಿನ್ ಸಣ್ಣ ಕರುಳಿಗೆ ಇಳಿದರೆ ನಿಷ್ಕ್ರಿಯ. ಅಲ್ಲಿ ಸುಮಾರು 8ರ ಪಿಎಚ್‌ನಲ್ಲಿ ಚುರುಕಾಗಿರುವ ಟ್ರಿಪ್ಸಿನ್ ಎಂಬ ಕಿಣ್ವ ಕೆಲಸಕ್ಕಿಳಿಯುತ್ತದೆ. ಹಸಿ ಸೋಯಾ, ಹಸಿ ಬೇಳೆಕಾಳುಗಳಲ್ಲಿ ಈ ಟ್ರಿಪ್ಸಿನ್ನನ್ನೇ ತಡೆಯುವ ವಸ್ತುಗಳಿವೆ. ಚೆನ್ನಾಗಿ ಬೇಯಿಸಿದರೆ ಅವುಗಳ ಶಕ್ತಿ ಬಹುಮಟ್ಟಿಗೆ ಕುಂದುತ್ತದೆ. ಹಸಿ ಕಾಳನ್ನು ಆರೋಗ್ಯವೆಂದು ತಿನ್ನುವವರು ತಮ್ಮದೇ ಕಿಣ್ವದ ಕೈ ಕಟ್ಟುತ್ತಿದ್ದಾರೆ. ಹಣ್ಣು, ಸೌತೆ, ಕ್ಯಾರೆಟ್ ಹಸಿಯಾಗಿ ತಿನ್ನಲು ಒಳ್ಳೆಯ ಕಾರಣಗಳು ಬೇಕಾದಷ್ಟಿವೆ, ಕಿಣ್ವ ಮಾತ್ರ ಅವುಗಳಲ್ಲಿ ಒಂದಲ್ಲ.

ಆಹಾರದ ಕಿಣ್ವ ನಿಜವಾಗಿ ನೆರವಾಗುವುದು ಹೆಚ್ಚಾಗಿ ಪಾತ್ರೆಯಲ್ಲಿ. ರಾಗಿ ಮೊಳೆತಾಗ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಮೊಳಕೆ ರಾಗಿಯ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಸಣ್ಣ ಉರಿಯಲ್ಲಿ ಕಾಯಿಸಿದರೆ, ಕುದಿ ಬರುವ ಮೊದಲೇ ಆ ಕಿಣ್ವ ಪಿಷ್ಟವನ್ನು ತುಂಡರಿಸಿ ಗಂಜಿಯನ್ನು ತೆಳುವಾಗಿಸುತ್ತದೆ. ಹಿಟ್ಟು ಹೆಚ್ಚು ಹಾಕಿದರೂ ಮಗು ನುಂಗಬಲ್ಲದು, ಒಂದೇ ಬಟ್ಟಲಲ್ಲಿ ಹೆಚ್ಚು ಪೋಷಣೆ ಸಿಗುತ್ತದೆ. ಮೊಳಕೆಯನ್ನು ಅತಿಯಾಗಿ ಹುರಿದರೆ, ಅಥವಾ ಹಿಟ್ಟನ್ನು ನೇರವಾಗಿ ಕುದಿನೀರಿಗೆ ಸುರಿದರೆ, ಈ ಲಾಭ ಬಹುತೇಕ ಕೈತಪ್ಪುತ್ತದೆ.