ಹೆಸರು ಬ್ಯಾಂಕ್, ಕೌಂಟರ್ ಇಲ್ಲ!

ಭಾನುವಾರ ನಸುಕಿನಲ್ಲಿ ಶಿವಗಂಗೆಯ ಮೆಟ್ಟಿಲು ಹತ್ತುವವರಲ್ಲಿ ಬೆಂಗಳೂರಿನ ಹೂಡಿಕೆ ಬ್ಯಾಂಕುಗಳ ನೌಕರರೂ ಇರುತ್ತಾರೆ. ‘ಯಾವ ಬ್ಯಾಂಕಪ್ಪ? ಬೆಳೆ ಸಾಲ ಕೊಡ್ತಾರಾ?’ ಎಂದು ಊರ ಹಿರಿಯರು ಕೇಳಿದರೆ ಉತ್ತರಿಸುವುದು ಕಷ್ಟವೇ.

ಈ ಬ್ಯಾಂಕುಗಳ ಕಸುಬು ಬೇರೆ. ಕಂಪೆನಿಗಳಿಗೆ ಷೇರು, ಸಾಲಪತ್ರಗಳ ಮೂಲಕ ಬಂಡವಾಳ ಎತ್ತಿಕೊಡುವುದು, ವಿಲೀನಕ್ಕೆ ಸಲಹೆ ನೀಡುವುದು ಇತ್ಯಾದಿ. ನ್ಯೂಯಾರ್ಕಿನ ಗೋಲ್ಡ್‌ಮನ್ ಸ್ಯಾಕ್ಸ್ ಬೆಂಗಳೂರಿನಲ್ಲಿ ಕಚೇರಿ ತೆರೆದದ್ದು 2004ರಲ್ಲಿ. ಆಗ ಸುಮಾರು 300 ಮಂದಿ, ಇಂದು ಸಾವಿರಾರು. ತಂತ್ರಾಂಶ, ಲೆಕ್ಕದ ತಾಳೆ, ನಷ್ಟದ ಸಂಭವದ ಅಂದಾಜು ಇಲ್ಲಿನ ಮುಖ್ಯ ಕೆಲಸಗಳು.

ಗಡಿಯಾರವೇ ಇಲ್ಲಿ ಯಜಮಾನ. ನ್ಯೂಯಾರ್ಕ್ ಷೇರುಪೇಟೆ ಬೆಳಿಗ್ಗೆ 9.30ಕ್ಕೆ ತೆರೆದಾಗ ನಮ್ಮಲ್ಲಿ ಬೇಸಿಗೆಯಾದರೆ ಸಂಜೆ 7, ಚಳಿಗಾಲವಾದರೆ ರಾತ್ರಿ 8 ಗಂಟೆ. ಮನೆಯಲ್ಲಿ ಮುದ್ದೆ ಆರುವ ಹೊತ್ತಿಗೆ ಅಲ್ಲಿನ ವಹಿವಾಟು ಕಾವೇರುತ್ತದೆ.

ಸಂಬಳ ದೊಡ್ಡದು, ದಣಿವೂ ದೊಡ್ಡದು. 2021ರಲ್ಲಿ ಅದೇ ಬ್ಯಾಂಕಿನ ಅಮೆರಿಕದ 13 ಕಿರಿಯ ವಿಶ್ಲೇಷಕರು ತಮ್ಮೊಳಗೇ ಸಮೀಕ್ಷೆ ನಡೆಸಿಕೊಂಡರು. ವಾರಕ್ಕೆ ಸರಾಸರಿ 95 ಗಂಟೆ ದುಡಿಮೆ, ರಾತ್ರಿಗೆ 5 ಗಂಟೆ ನಿದ್ದೆ! ವಾರಕ್ಕಿರುವುದು 168 ಗಂಟೆ. ಊಟ, ಸ್ನಾನ, ಓಡಾಟ, ಬಂಧುಬಳಗ ಎಲ್ಲಕ್ಕೂ ಉಳಿದದ್ದು 38.

ಇಷ್ಟಾಗಿಯೂ ನೌಕರಿಗೆ ಖಾತ್ರಿಯಿಲ್ಲ. 158 ವರ್ಷ ಹಳೆಯ ಲೇಮನ್ ಬ್ರದರ್ಸ್ 2008ರ ಸೆಪ್ಟೆಂಬರ್ 15ರಂದು ದಿವಾಳಿಯಾಯಿತು.

ಗಂಗಾಧರೇಶ್ವರನಿಗೆ ಅಭಿಷೇಕ ಮಾಡಿದ ತುಪ್ಪ ಮತ್ತೆ ಬೆಣ್ಣೆಯಾಗುತ್ತದೆಂಬುದು ಶಿವಗಂಗೆಯ ನಂಬಿಕೆ. ಕಳೆದ ನಿದ್ದೆ, ಆರೋಗ್ಯ ಮಾತ್ರ ಹಾಗೆ ಮರಳುವುದಿಲ್ಲ. ಇಂಥ ಕೆಲಸಕ್ಕೆ ಸೇರಬಯಸುವ ಮಕ್ಕಳು ಸಂಬಳದ ಜೊತೆಗೆ ಗಂಟೆಗಳನ್ನೂ ಕೇಳಿ ತಿಳಿಯುವುದು ಲೇಸು.