ಮಾಳಿಗೆಯ ಪದವೂ ಶ್ರೋತೃಗಳ ರಸಾಸ್ವಾದವೂ

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರ ರಾಕ್ ತಂಡವು 2008ರಲ್ಲಿ ಹೊರತಂದ ಮೊದಲ ಧ್ವನಿಮುದ್ರಿಕೆಯಲ್ಲಿ, ಹಿಂದಿ ಇಂಗ್ಲಿಷ್ ಹಾಡುಗಳ ನಡುವೆ, ಶಿಶುನಾಳ ಶರೀಫ ಸಾಹೇಬರ (1819–1889) ಎರಡು ತತ್ತ್ವಪದಗಳಿವೆ: ಒಂದು ಗುಡುಗುಡಿಯನ್ನು ಕುರಿತದ್ದು, ಇನ್ನೊಂದು ಸೋರುವ ಮಾಳಿಗೆಯನ್ನು ಕುರಿತದ್ದು. ಇಂಥ ಪ್ರಯೋಗಗಳನ್ನು ಮೆಚ್ಚುವವರೂ ಹಳಿಯುವವರೂ ಗಿಟಾರು ಡ್ರಮ್ಮುಗಳನ್ನೇ ಕುರಿತು ವಾದಿಸುವುದು ರೂಢಿ. ಆದರೆ ರಸಾಸ್ವಾದದ ಭೇದವು ನಾದದಲ್ಲಿರುವಷ್ಟೇ ಶಬ್ದಾರ್ಥದಲ್ಲಿಯೂ ಇದೆ.

ಮೈಸೂರು ಸೀಮೆಯ ಕಿವಿಗೆ ಮಾಳಿಗೆಯೆಂದರೆ ಸಾಮಾನ್ಯವಾಗಿ ಮಹಡಿ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಹಳೆಯ ಮನೆಗಳಲ್ಲಿ ಅದು ತೊಲೆ ಜಂತೆಗಳ ಮೇಲೆ ಮಣ್ಣು ಹಾಸಿದ ಮಟ್ಟಸವಾದ ಮೇಲ್ಛಾವಣಿ. ಮಳೆಗಾಲಕ್ಕೆ ಮುಂಚೆ ಹತ್ತಿ ಮಣ್ಣು ಮೆತ್ತದಿದ್ದರೆ ಒಳಗಿನವರ ನೆತ್ತಿಯ ಮೇಲೆಯೇ ನೀರು. ಮಹಡಿ ಸೋರಿದರೆ ಕೆಳಕ್ಕಿಳಿದು ಬದುಕಬಹುದು. ಮಾಳಿಗೆ ಸೋರಿದರೆ ಇಳಿಯಲು ಎಡೆಯಿಲ್ಲ. ಏಕತಾರಿ, ದಮ್ಮಡಿಗಳ ಭಜನೆಯಲ್ಲಿ ಈ ಪದವನ್ನು ಕೇಳಿದ ಅಲ್ಲಿನವರಿಗೆ ವಾಚ್ಯಾರ್ಥವು ಅನುಭವಸಿದ್ಧ. ದೇಹವೇ ಮನೆಯೆಂಬ ವ್ಯಂಗ್ಯಾರ್ಥವು ಅದರ ಮೇಲೆ ತಾನಾಗಿ ನಿಲ್ಲುತ್ತದೆ. ಕಾಂಕ್ರೀಟಿನ ಸೂರಿನಡಿ ಬೆಳೆದ ತರುಣನನ್ನು ಹಿಡಿಯುವುದು ಲಯ, ಪಲ್ಲವಿಯ ಆವರ್ತನೆ.

ಇದನ್ನು ಕೀಳು ಮೆಚ್ಚಿಕೆಯೆನ್ನಲಾಗದು. ಕನ್ನಡವರಿಯದ ಇಂಗ್ಲೆಂಡಿನಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯು 2011ರಲ್ಲಿ ರಘು ದೀಕ್ಷಿತರಿಗೆ ಉತ್ತಮ ನವಾಗತರ ಪ್ರಶಸ್ತಿಯನ್ನಿತ್ತಿತು. ತತ್ತ್ವಪದವಾದರೂ ಲಯದ ಬೆನ್ನೇರಿಯೇ ಊರೂರು ತಿರುಗಿದುದಲ್ಲವೆ? ಆದರೆ ಪಾಠದ ಕೊಠಡಿಯಲ್ಲಿ ಈ ಮುದ್ರಿಕೆಯನ್ನು ಬಳಸುವವರು, ಮೊದಲು ಬರಿಯ ಏಕತಾರಿಯೊಡನೆ ಪದವನ್ನು ಕೇಳಿಸಿ, ಮಾಳಿಗೆಯೆಂಬುದೇನೆಂದು ತಿಳಿಸಿ, ಆ ಬಳಿಕ ಇದನ್ನು ಕೇಳಿಸುವುದು ಲೇಸು.